ಆಮ್ಲಜನಕದ ತೇಗು

ಭಾವ: ಸುಮಾ, ಇದನ್ನೊಂದು ಗುಟುಕು ಕುಡಿ. ಆಕ್ಸಿಜನ್ ತುಂಬಿದ ನೀರು. ಲೀಟರಿಗೆ ಬರೀ 120 ರೂಪಾಯಿ!

ಸುಮಾ: ಬೋರ್‌ವೆಲ್ ನೀರು ಏನು ತಪ್ಪು ಮಾಡಿತ್ತು ಭಾವ?

ಭಾವ: ಅದ್ರಲ್ಲಿ ಎನರ್ಜಿ ಎಲ್ಲಿದೆ? ಜೀವಕೋಶಕ್ಕೆ ಆಕ್ಸಿಜನ್ ಬೇಕು ಅಂತ ಪಿಯುಸಿ ಮಕ್ಕಳಿಗೆ ನೀನೇ ಪಾಠ ಮಾಡ್ತೀಯ. (ತೇಗುತ್ತಾರೆ)

ಸುಮಾ: ಹೋಯ್ತು 5 ರೂಪಾಯಿ.

ಭಾವ: ಎಲ್ಲಿಗೆ?

ಸುಮಾ: ತೇಗಿನ ಜೊತೆ ಗಾಳಿಗೆ. ಮಾಮೂಲಿ ನೀರಲ್ಲಿ ಆಕ್ಸಿಜನ್ ಕರಗೋದು ಲೀಟರಿಗೆ ಸುಮಾರು 8 ಮಿಲಿಗ್ರಾಂ. ಅವರು ಹತ್ತರಷ್ಟು ತುರುಕಿದ್ರೂ ನೀವು ಎಳ್ಕೊಳ್ಳೋ ಒಂದು ಉಸಿರಲ್ಲಿ ಅದಕ್ಕಿಂತ ಜಾಸ್ತಿ ಇರುತ್ತೆ.

ಭಾವ: ಇದು ನೇರ ಹೊಟ್ಟೆಗೇ ಹೋಗುತ್ತಲ್ಲ!

ಸುಮಾ: ಹೊಟ್ಟೆಯೊಳಗೆ ಶ್ವಾಸಕೋಶ ಇಟ್ಕೊಂಡಿದ್ದೀರಾ? ಉಸಿರಾಟ ಪುಕ್ಕಟೆ ಅನ್ನೋದಕ್ಕೇ ಜನಕ್ಕೆ ಅದರ ಮೇಲೆ ನಂಬಿಕೆ ಇಲ್ಲ. ಬಾಟಲಿಗೆ ತುಂಬಿ ಬೆಲೆಚೀಟಿ ಅಂಟಿಸಿದ್ರೆ ವಿಜ್ಞಾನ.

(ಭಾವ ತೇಗುತ್ತಾರೆ)

ಸುಮಾ: 10 ರೂಪಾಯಿ.

ಭಾವ: ಮತ್ತೆ ಶಕ್ತಿ ಎಲ್ಲಿಂದ ಬರುತ್ತೆ ಹೇಳಮ್ಮ.

ಸುಮಾ: ಬೆಳಿಗ್ಗೆ ತಿಂದ ಇಡ್ಲಿಯಿಂದ. ಪಿಷ್ಟ ಗ್ಲೂಕೋಸ್ ಆಗುತ್ತೆ. ಕೋಶ ಅದನ್ನ ಎರಡು ತುಂಡು ಮಾಡಿದಾಗ ಕೈಗೆ ಸಿಗೋದು ಬರೀ 2 ಎಟಿಪಿ, ಅಂದ್ರೆ ಕೋಶ ಖರ್ಚು ಮಾಡೋ ಶಕ್ತಿಯ ಅಣು. ತುಂಡುಗಳು ಮೈಟೊಕಾಂಡ್ರಿಯ ಹೊಕ್ಕು ಪೂರ್ತಿ ಉರಿದ್ರೆ ಒಟ್ಟು 30ರ ಆಸುಪಾಸು. ಆಕ್ಸಿಜನ್ ಬರೋದೇ ಕಟ್ಟಕಡೆಗೆ. ಕೈಯಿಂದ ಕೈಗೆ ದಾಟಿ ಬಂದ ಎಲೆಕ್ಟ್ರಾನ್ ಹಿಡ್ಕೊಂಡು ನೀರಾಗುತ್ತೆ.

ಭಾವ: ನೀರು! ಆಕ್ಸಿಜನ್ನು, ನೀರು, ಎರಡೂ ಬಂತು ನೋಡು!

ಸುಮಾ: ಅದಕ್ಕೆ ಬಾಟಲಿ ಇಲ್ಲ ಭಾವ.

(ತೇಗು. 15 ರೂಪಾಯಿ.)

ಭಾವ: ಎಟಿಪಿ ಪುಡೀನೂ ಇದೆ. 100 ಗ್ರಾಂ ಡಬ್ಬ, 2,400 ರೂಪಾಯಿ.

ಸುಮಾ: ಮೈಯಲ್ಲಿ ಯಾವ ಗಳಿಗೆಗೂ ಎಟಿಪಿ ಇರೋದು ಒಂದು ಹಿಡಿಯಷ್ಟೇ. ಮೈ ಅದನ್ನೇ ಮುರಿದು, ಮತ್ತೆ ಕಟ್ಟಿ, ದಿನಕ್ಕೆ ಹೆಚ್ಚುಕಡಿಮೆ ನಮ್ಮ ತೂಕದಷ್ಟು ತಯಾರಿಸುತ್ತೆ. ನೀವು 80 ಕೆಜಿ. ದಿನಕ್ಕೆ 800 ಡಬ್ಬ. 19 ಲಕ್ಷದ 20 ಸಾವಿರ.

ಭಾವ: ಒಟ್ಟಿಗೆ ತಗೊಂಡ್ರೆ ಡಿಸ್ಕೌಂಟ್ ಇದೆ.

ಸುಮಾ: 1929ರಲ್ಲಿ ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆ ಸೇರಿ ಎಟಿಪಿ ಕಂಡುಹಿಡಿದದ್ದು ನಮ್ಮ ಯಲ್ಲಾಪ್ರಗಡ ಸುಬ್ಬರಾವ್, ಭೀಮವರಂನವರು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್. ಅವರ್ಯಾರೂ ಡಬ್ಬ ಮಾರಲಿಲ್ಲ.

ಭಾವ: ಆಂಧ್ರದವರಾ? ನಮ್ಮ ಅಪ್‌ಲೈನೂ ಆ ಕಡೆಯವರೇ!

ಸುಮಾ: ಎಷ್ಟು ಕೇಸ್ ತಗೊಂಡಿದ್ದೀರಿ?

ಭಾವ: ಹನ್ನೆರಡು.

ಸುಮಾ: ಅಕ್ಕಂಗೆ ಗೊತ್ತಾ?

ಭಾವ: ಗೊತ್ತಾಗಬಾರದು ಅಂತಾನೇ ನಿಮ್ಮನೆಗೆ ತಂದಿದ್ದೀನಿ. ಲಗೇಜ್ ಆಟೋ ಕೆಳಗೆ ನಿಂತಿದೆ, ಸ್ವಲ್ಪ ಕೈ ಹಾಕು ಬಾ.