ಧ್ವನಿದೋಷ ನಿದಾನ: ಬೆನ್ಸನ್ ಟೌನ್ ಪ್ರಕರಣ

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಹಾಡುಗಾರರ ಶಾರೀರವನ್ನು ಕಫ, ಪಿತ್ತ, ವಾತ ಎಂದು ಮೂರು ಮಾಡಿ, ಬೆರಕೆಗೆ ಮಿಶ್ರ ಎಂಬ ನಾಲ್ಕನೆಯ ಖಾನೆ ತೆರೆದ. ಉದ್ಯೋಗದಿಂದ ಅವನು ಲೆಕ್ಕಾಧಿಕಾರಿ. ಲೆಕ್ಕದವರ ಜಾಯಮಾನವೇ ಹಾಗೆ, ಖಾನೆ ಎಳೆಯದೆ ಊಟ ಸೇರುವುದಿಲ್ಲ. ನಾನೂ ಅದೇ ಕುಲದವನು. ಮುಂದೆ ವಿಜಯನಗರದ ಕಲ್ಲಿನಾಥ ಆ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ. ಆದರೂ ಫೋನಿನಲ್ಲಿ ಇಳಿದು, ವೈ-ಫೈಯಲ್ಲಿ ತೇಲಿ, ಆಂಪ್ಲಿಫೈಯರ್ ಹೊಕ್ಕು ಸ್ಪೀಕರಿನಲ್ಲಿ ಹೊರಬೀಳುವ ನಾದದ ಕಾಯಿಲೆಗಳು ಇಬ್ಬರ ಕೈಗೂ ಸಿಗದೆ ಉಳಿದವು. ಆ ಬಾಕಿ ಚುಕ್ತಾ ಮಾಡುವುದು ನನ್ನ ಪಾಲಿಗೆ ಬಂದಿದೆ. ರೋಗಿ: ಬೆನ್ಸನ್ ಟೌನಿನ ಹಳೇ ಮನೆಯ ನನ್ನ ನಡುಮನೆ. ಪರೀಕ್ಷೆಗೆ: ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆ, ಜೊತೆಗೆ ಮೃದಂಗ.

ಪಿತ್ತಜ ದೋಷ ಸುಲಭಸಾಧ್ಯ. ತಾಳ ಬಾರಿಸಿದರೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಿಟಪಟ ಎನ್ನುತ್ತದೆ. ಸಿಡಿಯಿಂದ ಸೆಕೆಂಡಿಗೆ 1,411 ಕಿಲೋಬಿಟ್ ಹರಿದು ಬರುತ್ತಿತ್ತು. ಆ್ಯಪಿನಲ್ಲಿ ‘ಡೇಟಾ ಉಳಿತಾಯ’ ಒತ್ತಿ ಕೂತವನಿಗೆ ಅದರ ಪುಡಿಚೂರು. ಅದನ್ನೂ ಬ್ಲೂಟೂತ್ ಮತ್ತೊಮ್ಮೆ ಹಿಂಡಿ ಕಳಿಸುತ್ತದೆ. ಸೆಟಿಂಗ್ ಬದಲಿಸಿ, ವೈರು ಹಾಕಿ. ಮುಂದಿನದು.

ವಾತಜದಲ್ಲಿ ಎರಡು ಪ್ರಭೇದ. ಸಂಚಾರಿ ವಾತವೆಂದರೆ ಆಲಾಪನೆ ನಡುವೆ ತಟಕ್ಕನೆ ಮೌನ. ರೂಟರ್ ಒಂದು ಕೋಣೆಯಲ್ಲಿ, ಸ್ಪೀಕರ್ ಇನ್ನೊಂದರಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಹಳೇಕಾಲದ ಗೋಡೆ. ಲ್ಯಾನ್ ಕೇಬಲ್ ಎಳೆದೆ, ವಾಸಿಯಾಯಿತು. ಸ್ಥಾಯೀ ವಾತ ಹಾಗಲ್ಲ: ಹಾಡು ನಿಂತರೂ ಸ್ಪೀಕರಿನೊಳಗೆ ದುಂಬಿ ಹೊಕ್ಕಂತೆ ಗುಂಯ್. ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್. ಆಂಪ್ಲಿಫೈಯರಿಗೆ ಒಂದು ಅರ್ತಿಂಗ್, ಸೆಟ್‌ಟಾಪ್ ಬಾಕ್ಸಿನ ಕೇಬಲ್ ದಾರಿಯಾಗಿ ಇನ್ನೊಂದು ಅರ್ತಿಂಗ್ ಸಿಕ್ಕಿತೋ, ಎರಡರ ನಡುವೆ ಅದು ಹರಿದು ತಂಬೂರಿಗೆ ಎದುರಾಗಿ ತನ್ನದೇ ಶ್ರುತಿ ಹಿಡಿಯುತ್ತದೆ. ಪ್ಲಗ್ಗಿನ ದಪ್ಪ ಪಿನ್ನು ಮುರಿದುಬಿಡಿ ಎನ್ನುವ ನಾಟಿವೈದ್ಯರಿದ್ದಾರೆ. ಅದು ಗುಂಯ್ ನಿಲ್ಲಿಸುತ್ತದೆ, ಒಮ್ಮೊಮ್ಮೆ ಕೇಳುವವನನ್ನೂ. ನಾನು ಕೇಬಲ್ ಟಿವಿಯ ತಂತಿ ಕಿತ್ತೆ. ದುಂಬಿ ಹೋಯಿತು. ಧಾರಾವಾಹಿಯೂ ಹೋಯಿತು, ಅದು ಬೇರೆ ಪ್ರಕರಣ.

ಇನ್ನು ಕಫಜ, ರೋಗಗಳ ರಾಜ. ಮೃದಂಗದ ಎಡಗೈ ಪೆಟ್ಟು ತಾರಸಿ ಮೇಲೆ ಯಾರೋ ಹಾಸಿಗೆ ಬಡಿದಂತೆ ಕೇಳುತ್ತಿತ್ತು, ವೀಣೆ ಅದರಡಿ ಹೂತುಹೋಗಿತ್ತು. ಇದಕ್ಕೆಂದು ಬೆರಳು ಗಾತ್ರದ ಸ್ಪೀಕರ್ ವೈರು ಕೊಂಡೆ. ಬೆಲೆ ಮನೆಯಲ್ಲಿ ಇನ್ನೂ ಹೇಳಿಲ್ಲ. ಕಫ ಕದಲಲಿಲ್ಲ. ಕೊನೆಗೆ ಟೇಪು ಹಿಡಿದು ಕೋಣೆ ಅಳೆದೆ: ಉದ್ದ 5 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಉದ್ದದ ಎರಡರಷ್ಟರಿಂದ ಭಾಗಿಸಿದರೆ 34 ಹರ್ಟ್ಸ್. ಆ ಮಂದ್ರನಾದ, ಅದರ ದುಪ್ಪಟ್ಟು, ಮುಪ್ಪಟ್ಟು ಬಂದಾಗಲೆಲ್ಲ ಕೋಣೆಯೇ ದನಿಗೂಡಿಸುತ್ತದೆ. ನನ್ನ ಸ್ಪೀಕರುಗಳೋ ಎರಡು ಮೂಲೆಗೆ ಒತ್ತಿಕೊಂಡಿದ್ದವು. ಮೂಲೆಯ ಗೋಡೆಗಳು ಮಂದ್ರವನ್ನು ಇನ್ನಷ್ಟು ಉಬ್ಬಿಸುತ್ತವೆ. ಎರಡೂವರೆ ಅಡಿ ಮುಂದಕ್ಕೆ ಎಳೆದೆ, ಟ್ವೀಟರನ್ನು ಕಿವಿಯ ಮಟ್ಟಕ್ಕೆ ತಂದೆ, ಕನ್ನಡಿಯಂಥ ರೆಡ್‌ಆಕ್ಸೈಡ್ ನೆಲಕ್ಕೆ ಜಮಖಾನ ಹಾಸಿದೆ. ಒಂದೇ ಮೀಟಿನಿಂದ ಮೂರು ಸ್ವರ ಜಾರುವ ಗಮಕದಲ್ಲಿ ಬೆರಳು ತಂತಿ ಉಜ್ಜುವುದೂ ಕೇಳಿಸಿತು. ಖರ್ಚು ಸೊನ್ನೆ.

ಉಳಿದದ್ದು ಮಿಶ್ರ. “ರೀ, ಇದನ್ನ ನಡುಮನೇಲಿ ಹೀಗೆ ನಿಲ್ಲಿಸಿದ್ರೆ ಮನುಷ್ಯರು ಎಲ್ಲಿ ಓಡಾಡೋದು?” ಬೆಳಿಗ್ಗೆ ಗುಡಿಸುವಾಗ ಸ್ಪೀಕರುಗಳು ಮೂಲೆ ಸೇರುತ್ತವೆ, ಒಂದರ ಮೇಲೆ ಮನಿಪ್ಲಾಂಟೂ ಏರುತ್ತದೆ. ಸಂಜೆ ನಾನು ಎಳೆಯುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ, ಅದೂ ಗುಡಿಸಿಹೋಗಿದೆ. ಈಗ ರಾತ್ರಿ ಹತ್ತರ ಮೇಲೆ ಕೇಳುತ್ತೇನೆ. ವೀಣೆ ಹದಕ್ಕೆ ಬರುವ ಹೊತ್ತಿಗೆ ಕಂಟೋನ್ಮೆಂಟ್ ಕಡೆಯಿಂದ ರೈಲೊಂದು ಕೂಗುತ್ತದೆ. ಅದನ್ನು ಯಾವ ಖಾನೆಗೆ ಹಾಕುವುದೆಂದು ಪೆನ್ಸಿಲ್ ಹಿಡಿದು ಕೂತಿದ್ದೇನೆ.