ಕುರ್ಚಿ ಕಾಯುವ ಕೆಲಸ

ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಹಗಲು ದೊಡ್ಡವರದು, ರಾತ್ರಿ ಚಿಕ್ಕವರದು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನ್ಯೂಯಾರ್ಕಿಗೆ ರಾಷ್ಟ್ರಾಧ್ಯಕ್ಷರು, ಪ್ರಧಾನಿಗಳು, ಒಬ್ಬಿಬ್ಬರು ರಾಜರು ಬಂದಿಳಿಯುತ್ತಾರೆ. ಹಸಿರು ಅಮೃತಶಿಲೆಯ ಮುಂದೆ ನಿಂತು ಭಾಷಣ ಮಾಡುತ್ತಾರೆ. 15 ನಿಮಿಷದಲ್ಲಿ ಮುಗಿಸಿ ಎಂಬ ವಿನಂತಿ ಉಂಟು. ಮೈಕು ಸಿಕ್ಕ ರಾಜಕಾರಣಿಗೆ ವಿನಂತಿ ಎಷ್ಟು ನಾಟುತ್ತದೆ ಎಂಬುದನ್ನು ನಮ್ಮ ಸಾಹಿತ್ಯ ಸಮ್ಮೇಳನಗಳ ಉದ್ಘಾಟನೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ನಡುವೆ ನೆರೆಯ ದೇಶಕ್ಕೆ ನಾಲ್ಕು ಏಟು ಕೊಟ್ಟು, ಚಪ್ಪಾಳೆ ಗಿಟ್ಟಿಸಿ, ಕಾರು ಹತ್ತಿ ಹೊರಟುಬಿಡುತ್ತಾರೆ. ಏಟು ತಿಂದ ದೇಶ ಸುಮ್ಮನಿರಲಾದೀತೆ? ಅದಕ್ಕೆಂದೇ ‘ಉತ್ತರಿಸುವ ಹಕ್ಕು’ ಎಂಬ ಏರ್ಪಾಡಿದೆ. ಆದರೆ ಅದರ ಸರದಿ ಬರುವುದು ಆ ದಿನದ ಭಾಷಣಗಳೆಲ್ಲ ಮುಗಿದ ಮೇಲೆ. ಮೊದಲ ಸಲಕ್ಕೆ 10 ನಿಮಿಷ, ಎರಡನೆಯ ಸಲಕ್ಕೆ 5, ಮೂರನೆಯ ಸಲ ಎಂಬುದಿಲ್ಲ. ಅಷ್ಟು ಹೊತ್ತಿಗೆ ದೊಡ್ಡವರೆಲ್ಲ ಊಟಕ್ಕೆ ಹೋಗಿರುತ್ತಾರೆ, ಸಭಾಂಗಣ ಬಣಗುಟ್ಟುತ್ತಿರುತ್ತದೆ. ಪ್ರಧಾನಿಯೊಬ್ಬರ ಮಾತಿಗೆ ಇಡೀ ದೇಶದ ಪರವಾಗಿ ಎದ್ದು ಉತ್ತರ ಕೊಡುವವರು ಒಬ್ಬ ಎಳೆಯ ಫಸ್ಟ್ ಸೆಕ್ರೆಟರಿ.

2016ರಲ್ಲಿ ಈನಮ್ ಗಂಭೀರ್, 2021ರಲ್ಲಿ ಸ್ನೇಹಾ ದುಬೆ ಹೀಗೆ ಮಾತಾಡಿದಾಗ ನಮ್ಮ ಟಿವಿಗಳು ಅವರನ್ನು ತಲೆಯ ಮೇಲೆ ಹೊತ್ತು ಕುಣಿದವು. ಸ್ನೇಹಾ ದುಬೆ ಉತ್ತರ ಕೊಟ್ಟದ್ದು ಪಾಕಿಸ್ತಾನದ ಅಂದಿನ ಪ್ರಧಾನಿ ಇಮ್ರಾನ್ ಖಾನ್ ಅವರಿಗೆ. ಕೊರೊನಾ ಕಾಲ, ಅವರು ಖುದ್ದಾಗಿ ಬಂದೂ ಇರಲಿಲ್ಲ, ಮೊದಲೇ ಚಿತ್ರೀಕರಿಸಿದ ಭಾಷಣ ಕಳಿಸಿದ್ದರು. ಪರದೆಯ ಮೇಲಿನ ಪ್ರಧಾನಿಗೆ ಖಾಲಿ ಕುರ್ಚಿಗಳ ನಡುವಿನಿಂದ ಉತ್ತರ! ನ್ಯೂಯಾರ್ಕಿನ ರಾತ್ರಿ ಒಂಬತ್ತು ಎಂದರೆ ಮೈಸೂರಿನಲ್ಲಿ ಬೆಳಗಿನ ಆರೂವರೆ. ಕೇಳಬೇಕಾದವರು ಅಲ್ಲಿ ಕೇಳದಿದ್ದರೂ ನಮ್ಮ ಬೀದಿಯ ಜನ ಕಾಫಿ ಲೋಟ ಹಿಡಿದು ಮತ್ತೆಮತ್ತೆ ಕೇಳಿದರು.

ನನ್ನ ತಂಗಿಯ ಮಗಳು ಇನ್ನೂ ಈ ಹಂತಕ್ಕೆ ಬಂದಿಲ್ಲ. ವಿದೇಶಾಂಗ ಸೇವೆಗೆ ಸೇರಿ, ಮಸ್ಸೂರಿಯ ಚಳಿ, ದೆಹಲಿಯ ತರಬೇತಿ ಎಲ್ಲ ಮುಗಿಸಿ, ಸರ್ಕಾರ ಇವಳ ಪಾಲಿಗೆ ಹಂಚಿದ ಸ್ಪ್ಯಾನಿಷನ್ನು ಮ್ಯಾಡ್ರಿಡ್‌ನಲ್ಲಿ ಕಲಿತು, ಈಗ ನ್ಯೂಯಾರ್ಕಿನ ನಮ್ಮ ಕಾಯಂ ನಿಯೋಗದಲ್ಲಿ ಕಿರಿಯರ ಪೈಕಿ ಕಿರಿಯಳಾಗಿದ್ದಾಳೆ. ಮೊದಲ ವರ್ಷ ಸಚಿವರು ಭಾಷಣಕ್ಕೆ ಬಂದ ದಿನ ನಾವೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತೆವು. ಅಮ್ಮನ ಧಾರಾವಾಹಿಯ ಹೊತ್ತು. ಮೊಮ್ಮಗಳಿಗಾಗಿ ಅದನ್ನೂ ತ್ಯಾಗ ಮಾಡಿದ್ದರು. ಅಲ್ಲಿ ಪ್ರತಿ ದೇಶಕ್ಕೂ ಆರು ಕುರ್ಚಿ, ಮೇಜಿನ ಮುಂದೆ ಮೂರು, ಅದರ ಬೆನ್ನಿಗೆ ಮೂರು. ನಮ್ಮ ಹುಡುಗಿ ಹಿಂದಿನ ಸಾಲಿನಲ್ಲಿದ್ದಳು. ಕ್ಯಾಮೆರಾ ಭಾರತದ ಕಡೆ ತಿರುಗಿದಾಗ ಯಾರದೋ ದಪ್ಪ ಭುಜದ ಆಚೆ ಅವಳ ಎಡಗಿವಿ, ಕಿವಿಯಲ್ಲಿ ಅನುವಾದದ ಯಂತ್ರ, ಸ್ವಲ್ಪ ಕೆನ್ನೆ ಕಂಡವು. ಓಲೆಯ ಮೇಲೆ ಗುರುತು ಹಿಡಿದವರು ಅಮ್ಮ. ಹಿಡಿದ ಮೇಲೆ ಅವರಿಗೆ ಸಮಾಧಾನವೇನೂ ಆಗಲಿಲ್ಲ.

“ಅಲ್ಲ ಕಣೋ, ಅಷ್ಟು ಓದಿಸಿ, ಅಷ್ಟು ದೂರ ಕಳಿಸಿ, ಕೊನೆಗೆ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದಾರಲ್ಲೋ?”

ಇದನ್ನು ಅವಳಿಗೆ ಫೋನಿನಲ್ಲಿ ಹೇಳಿದೆ. “ಹಿಂದೆ ಕೂರುವುದು ಪರೀಕ್ಷೆ ಪಾಸಾಗಿದ್ದಕ್ಕೆ ಮಾಮ, ಮುಂದೆ ಕೂರುವುದು ಸಚಿವರು ಎದ್ದುಹೋದಾಗ” ಎಂದಳು.

ಮಾತು ತಮಾಷೆಯದಾದರೂ ಕೆಲಸ ನಿಜಕ್ಕೂ ಅಷ್ಟೇ. ರಾಯಭಾರಿಗಳಿಗೆ ಇನ್ನೊಂದು ಕೋಣೆಯಲ್ಲಿ ಮಾತುಕತೆ, ಮತ್ತೊಬ್ಬರಿಗೆ ಸುದ್ದಿಗೋಷ್ಠಿ. ಆಗ ಹಿಂದಿನ ಸಾಲಿನವಳು ಸದ್ದಿಲ್ಲದೆ ಮುಂದಕ್ಕೆ ಸರಿದು, ದೇಶದ ಹೆಸರಿನ ಫಲಕದ ಹಿಂದೆ ಕೂರುತ್ತಾಳೆ. ಮನೆಯ ಹಿರಿಯರಿಗೆ ಪುರುಸೊತ್ತಿಲ್ಲದಾಗ ‘ಹೋಗಿ ಮುಖ ತೋರಿಸಿ, ಮುಯ್ಯಿ ಕೊಟ್ಟು ಬಾ’ ಎಂದು ಮದುವೆಮನೆಗೆ ಅಟ್ಟುವ ಹುಡುಗನ ಹಾಗೆ. ಹುಡುಗ ಯಾರೆಂದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಹೋಗದಿದ್ದರೆ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ. ಪಕ್ಕದವರು ಯಾರು ಎನ್ನುವುದನ್ನು ತೀರ್ಮಾನಿಸುವುದು ಇಂಗ್ಲಿಷ್ ಅಕ್ಷರಮಾಲೆ. ಪ್ರತಿ ವರ್ಷ ಮಹಾಕಾರ್ಯದರ್ಶಿಗಳು ಚೀಟಿ ಎತ್ತಿ ಮೊದಲ ಕುರ್ಚಿ ಯಾವ ದೇಶದ್ದೆಂದು ನಿಶ್ಚಯಿಸುತ್ತಾರೆ. ಉಳಿದವರು ಅಲ್ಲಿಂದ ಅಕ್ಷರದ ಸಾಲು ಹಿಡಿದು ಕೂರಬೇಕು. ಹಾಗಾಗಿ ನಮಗೆ ಒಂದು ಕಡೆ ಐಸ್‌ಲ್ಯಾಂಡ್, ಇನ್ನೊಂದು ಕಡೆ ಇಂಡೊನೇಷ್ಯಾ. ಐಸ್‌ಲ್ಯಾಂಡಿನ ಒಟ್ಟು ಜನಸಂಖ್ಯೆ ಮೈಸೂರು ನಗರದ ಅರ್ಧವೂ ಆಗದು, ಕುರ್ಚಿ ಮಾತ್ರ ಅವರಿಗೂ ಆರು. ಇರಾನ್, ಇರಾಕ್‌ಗಳ ಕಥೆ ಇನ್ನೂ ಚೆನ್ನ. 1980ರಿಂದ 1988ರವರೆಗೆ ಯುದ್ಧ ಮಾಡಿದ ಆ ಎರಡು ದೇಶಗಳ ನಡುವೆ ಅಕ್ಷರಮಾಲೆ ಮೂರನೆಯವರನ್ನು ಬಿಡಲೇ ಇಲ್ಲ. ಗಡಿಯಲ್ಲಿ ಫಿರಂಗಿ ಹಾರುತ್ತಿದ್ದಾಗ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿದ್ದ ಆ ಕುರ್ಚಿಗಳ ಹಿಂದಿನ ಸಾಲಿನಲ್ಲಿಯೂ ಯಾರೋ ಇಬ್ಬರು ಎಳೆಯರು ಇದ್ದಿರಲೇಬೇಕು. ಪೆನ್ನು ಕೆಳಗೆ ಬಿದ್ದರೆ ಎತ್ತಿಕೊಡುತ್ತಿದ್ದರೋ ಇಲ್ಲವೋ ಎಂದು ನನಗೆ ಆಗಾಗ ಯೋಚನೆ ಬರುತ್ತದೆ.

ಕುರ್ಚಿ ಕಾಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿಗೆ 1950ರ ಜೂನ್ ತಿಂಗಳನ್ನು ನೆನಪಿಸಬೇಕು. ಚೀನಾದ ಸ್ಥಾನ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಸೋವಿಯತ್ ಒಕ್ಕೂಟ ಭದ್ರತಾ ಮಂಡಳಿಯ ಸಭೆಗಳಿಗೆ ಬಹಿಷ್ಕಾರ ಹಾಕಿತ್ತು. ಅದೇ ಹೊತ್ತಿಗೆ ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಉತ್ತರ ಕೊರಿಯಾದ ವಿರುದ್ಧ ನಿರ್ಣಯಗಳು ಬಂದವು, ಪಾಸೂ ಆದವು. ಕೈಯೆತ್ತಿ ‘ಬೇಡ’ ಎಂದಿದ್ದರೆ ಅಲ್ಲಿಗೇ ನಿಲ್ಲಿಸಬಹುದಾಗಿದ್ದ ದೇಶದ ಕುರ್ಚಿ ಖಾಲಿಯಿತ್ತು. ವೀಟೊ ಎಂಬ ಬ್ರಹ್ಮಾಸ್ತ್ರವನ್ನು ಮನೆಯಲ್ಲಿ ಕೂತು ಬಿಡಲಾಗುವುದಿಲ್ಲ.

ಆ ತಿಂಗಳು ಮಂಡಳಿಯ ಅಧ್ಯಕ್ಷರಾಗಿದ್ದವರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್, ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಅದೇ ಬಿ. ಎನ್. ರಾವ್. ಜೂನ್ 25ರ ನಿರ್ಣಯಕ್ಕೆ ಭಾರತದ ಮತ ಬಿತ್ತು. ಜೂನ್ 27ರಂದು, ದಕ್ಷಿಣ ಕೊರಿಯಾಕ್ಕೆ ನೆರವು ಕೊಡಿ ಎಂಬ ಎರಡನೆಯ ನಿರ್ಣಯ ಬಂದಾಗ, ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷರ ಪೀಠದಲ್ಲೇ ಕೂತಿದ್ದ, ಅರವತ್ತು ದಾಟಿದ್ದ, ಕಾನೂನು ಅರೆದು ಕುಡಿದಿದ್ದ ರಾವ್ ಆ ಮತದಾನದಲ್ಲಿ ಭಾಗವಹಿಸಲಿಲ್ಲ. ಭಾರತ ಅದನ್ನು ಒಪ್ಪಿಕೊಂಡದ್ದು ಆಮೇಲೆ. ಅವರಿಗೆ ಸ್ವಂತ ಅಭಿಪ್ರಾಯ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಕುರ್ಚಿಯಲ್ಲಿ ಸ್ವಂತದ್ದು ಎನ್ನುವುದಕ್ಕೆ ಜಾಗವಿಲ್ಲ. ಅಂಥವರೇ ತಂತಿಗಾಗಿ ಕಾದರೆಂದ ಮೇಲೆ ನಮ್ಮ ಹುಡುಗಿ ಎರಡು ಸಾಲಿನ ತಿದ್ದುಪಡಿಗಾಗಿ ಮಧ್ಯರಾತ್ರಿ ದೆಹಲಿಗೆ ಸಂದೇಶ ಕಳಿಸಿ ಮೊಬೈಲು ದಿಟ್ಟಿಸುತ್ತ ಕೂರುವುದರಲ್ಲಿ ಅವಮಾನವೇನಿದೆ?

ಸೂಚನೆಯೇ ಇಲ್ಲದೆ ಪ್ರತಿನಿಧಿಯಾದವರೂ ಇದ್ದಾರೆನ್ನಿ. 1977ರಲ್ಲಿ ವಾಯೇಜರ್ ನೌಕೆಗಳಿಗೆ ಅಂಟಿಸಿದ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅದರಲ್ಲಿ ಕನ್ನಡವೂ ಒಂದು, ಕನ್ನಡಿಗರ ಪರವಾಗಿ ಎಂದೇ ಹೇಳಿದ ಶುಭಾಶಯ. ಹಾಗೆ ಹೇಳಲು ವಿಧಾನಸೌಧದಿಂದ ಆದೇಶ ಹೋಗಿತ್ತೇ, ಕಡತ ಯಾವ ಮೇಜಿನಲ್ಲಿತ್ತು, ಹಣಕಾಸು ಇಲಾಖೆಯ ಒಪ್ಪಿಗೆ ಇತ್ತೇ ಎಂದೆಲ್ಲ ಯಾರೂ ಕೇಳಲಿಲ್ಲ. ಈಗ ಆ ದನಿ ಸೂರ್ಯನ ಗಾಳಿಯೂ ತಲುಪದ ಬಯಲಿನಲ್ಲಿದೆ. ನಮ್ಮ ನಾಡಿನ ಅತಿ ದೂರದ ರಾಯಭಾರ ಅದು, ಪ್ರಯಾಣಭತ್ಯೆಯ ಬಿಲ್ಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಹುಡುಗಿಗೂ ಬಾಯಿ ತೆರೆಯುವ ಯೋಗ ಬಂತು. ಆರನೆಯ ಸಮಿತಿ, ಕಾನೂನಿನ ವಿಷಯ. ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗದ ವಾರ್ಷಿಕ ವರದಿಯ ಮೇಲೆ ಭಾರತದ ಹೇಳಿಕೆ. ನಾವು ಮತ್ತೆ ಲ್ಯಾಪ್‌ಟಾಪಿನ ಮುಂದೆ. ಅವಳು ಫಲಕದ ಹಿಂದೆ ನೆಟ್ಟಗೆ ಕೂತು, ಅಧ್ಯಕ್ಷರಿಗೆ ವಂದಿಸಿ, ನಿಧಾನವಾಗಿ ಓದಿದಳು. ಮನೆಯಲ್ಲಾದರೆ ನಮ್ಮ ಮಾತು ಮುಗಿಯುವುದರೊಳಗೆ ತನ್ನ ಮಾತು ಮುಗಿಸುವ ಹುಡುಗಿ ಇವಳು; ಅಲ್ಲಿ ಮಾತ್ರ ಗಾಜಿನ ಗೂಡುಗಳಲ್ಲಿ ಕೂತ ಅನುವಾದಕರು ಅರಬ್ಬಿ, ಚೀನೀ, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್‌ಗಳಲ್ಲಿ ಬೆನ್ನಟ್ಟಿ ಬರುತ್ತಾರಲ್ಲ, ಅವರಿಗೆ ದಮ್ಮು ಹತ್ತಬಾರದು. ಪ್ರತಿ ವಾಕ್ಯವೂ ದೆಹಲಿಯಲ್ಲಿ ಇಸ್ತ್ರಿಯಾಗಿ ಬಂದದ್ದು. ನನಗೆ ಅರ್ಥವಾದದ್ದು ‘ಮಧ್ಯಸ್ಥಿಕೆ’ ಎಂಬುದೊಂದೇ. ಅಮ್ಮನಿಗೆ ಅದೂ ಆಗಲಿಲ್ಲ, ಆದರೆ ಕೊನೆಯವರೆಗೂ ಕೈಮುಗಿದುಕೊಂಡೇ ಕೇಳಿದರು.

“ಇಷ್ಟೇನಾ?” ಎಂದರು ಆಮೇಲೆ. “ಆ ಕೃಷ್ಣ ಮೆನನ್ ಎಂಟು ಗಂಟೆ ಮಾತಾಡಿದ್ದರಂತೆ.”

ನಿಜ. 1957ರ ಜನವರಿಯಲ್ಲಿ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಮೆನನ್ ಎಂಟು ಗಂಟೆಯ ಹತ್ತಿರ ಮಾತಾಡಿದರು, ನಡುವೆ ಕುಸಿದೂ ಬಿದ್ದರು. ಆ ಕಾಲದಲ್ಲಿ ದೇಶ ಹೊಸದು, ಹೇಳಬೇಕಾದ್ದು ಬಹಳವಿತ್ತು. ಅಷ್ಟೂ ಹೊತ್ತು ಹಿಂದೆ ಕೂತು ಕಾಗದ ಒದಗಿಸಿದ ಕಿರಿಯರ ಬಗ್ಗೆ ಯಾವ ಪುಸ್ತಕವೂ ಬರೆಯುವುದಿಲ್ಲ. ನನ್ನ ಮರುಕವೆಲ್ಲ ಅವರ ಮೇಲೆ.

ಇವಳ ನಿಜವಾದ ಕೆಲಸ ಇರುವುದು ಭಾಷಣದಲ್ಲಲ್ಲ, ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಗಳಲ್ಲಿ. ಅಲ್ಲಿ ನಿರ್ಣಯದ ಕರಡನ್ನು ಪರದೆಯ ಮೇಲೆ ಹಾಕಿ ಸಾಲುಸಾಲಾಗಿ ಜಗ್ಗಾಡುತ್ತಾರೆ. ಒಬ್ಬರಿಗೆ ಒಪ್ಪಿಗೆಯಿಲ್ಲದ ಮಾತು ಚೌಕಾವರಣದೊಳಗೆ ಹೋಗಿ ಕೂರುತ್ತದೆ. ಒಳಗೆ ಹೋಗುವುದು ಸುಲಭ, ಹೊರಗೆ ತರುವುದಕ್ಕೆ ವಾರಗಟ್ಟಲೆ ಬೇಕು. ಎಲ್ಲರೂ ಸುಸ್ತಾದ ಮೇಲೆ ಅಧ್ಯಕ್ಷರು ಕರಡನ್ನು ಎಲ್ಲರಿಗೂ ಕಳಿಸಿ, ಇಂಥ ಗಂಟೆಯೊಳಗೆ ಯಾರೂ ತಕರಾರು ಎತ್ತದಿದ್ದರೆ ಒಪ್ಪಿದಂತೆ ಎನ್ನುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ನಾವು ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಾತ್ರ ಪ್ರಯೋಗಿಸಿದೆವು, ಅವರು ಜಗತ್ತನ್ನೇ ನಡೆಸುತ್ತಿದ್ದಾರೆ. ಗಡುವಿಗೆ ಮೊದಲು ತಕರಾರಿನ ಇಮೇಲ್ ಕಳಿಸುವ ಕರ್ಮ ಮತ್ತೆ ಕಿರಿಯರದೇ. ಒಂದು ಗುಂಡಿ ಒತ್ತಿ ಮೂವತ್ತು ನಲವತ್ತು ದೇಶಗಳ ವಾರಾಂತ್ಯ ಕೆಡಿಸುವ ಅಧಿಕಾರ ಅಷ್ಟು ಚಿಕ್ಕ ವಯಸ್ಸಿಗೆ ಬೇರೆ ಯಾವ ಕೆಲಸದಲ್ಲಿ ಸಿಕ್ಕೀತು?

ಹೆಣ್ಣು ನೋಡುವ ಮಾತು ಬಂದದ್ದರಿಂದ ಸಿ. ಬಿ. ಮುತ್ತಮ್ಮನವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಮಡಿಕೇರಿಯಲ್ಲಿ, ಮದರಾಸಿನಲ್ಲಿ ಓದಿ, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಇದು ಹೆಂಗಸರಿಗೆ ತಕ್ಕ ಕೆಲಸವಲ್ಲ ಎಂದು ಸಂದರ್ಶನ ಮಂಡಳಿ ಮನವೊಲಿಸಲು ನೋಡಿತು. ಕೊಡಗಿನವರ ಮನಸ್ಸನ್ನು ಒಲಿಸುವುದು ಅಷ್ಟು ಸುಲಭವೇ? ಸೇರಿದರು. ಸೇರುವಾಗ, ಮದುವೆಯಾದರೆ ಕೆಲಸ ಬಿಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಇಪ್ಪತ್ತೈದರ ಆ ತರುಣಿ ಪ್ಯಾರಿಸ್ಸಿನಲ್ಲಿ ಇಡೀ ಭಾರತದ ಪರವಾಗಿ ನಿಲ್ಲಬಹುದು, ಒಬ್ಬ ಗಂಡನ ಪಕ್ಕದಲ್ಲಿ ಮಾತ್ರ ನಿಲ್ಲುವಂತಿಲ್ಲ. ಗಂಡಸರಿಗೆ ಈ ತೊಡಕಿರಲಿಲ್ಲ. ಅವರ ಹೆಂಡತಿಯರು ಔತಣಕೂಟದ ಏರ್ಪಾಡನ್ನು ಸಂಬಳವಿಲ್ಲದೆ ನೋಡಿಕೊಂಡರೆ ಸರ್ಕಾರಕ್ಕೂ ಸಂತೋಷವೇ.

ಮುತ್ತಮ್ಮ 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಮುಂದಿನ ಬಡ್ತಿ ತಪ್ಪಿದಾಗ ತಾವು ಪ್ರತಿನಿಧಿಸುತ್ತಿದ್ದ ಸರ್ಕಾರದ ಮೇಲೆಯೇ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ವಜಾ ಮಾಡುವ ಮುನ್ನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳಿಗೆ ಚೆನ್ನಾಗಿಯೇ ಮಂಗಳಾರತಿ ಮಾಡಿದರು. ಹೆಂಗಸಿನ ಸಂಸಾರ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನದೂ ಆಗಬಹುದಲ್ಲ ಎಂಬುದು ಅವರ ತರ್ಕ. ಸೋತು ಗೆದ್ದ ಕೇಸು ಎಂದರೆ ಅದು. ನಿವೃತ್ತಿಯ ನಂತರ ಮುತ್ತಮ್ಮ ವ್ಯವಸ್ಥೆಯ ವಿರುದ್ಧ ಖಾರವಾಗಿಯೂ ಬರೆದರು, ಕೊಡವ ಅಡುಗೆಯ ಬಗ್ಗೆ ಜೊತೆಯವರೊಡನೆ ಒಂದು ಪುಸ್ತಕವನ್ನೂ ತಂದರು. ಎರಡರಲ್ಲೂ ಮಸಾಲೆ ಕಡಿಮೆಯಿರಲಾರದು.

ಈಗ ಮುಚ್ಚಳಿಕೆ ಇಲ್ಲ, ಆದ್ದರಿಂದ ನನ್ನ ತಂಗಿಗೆ ಧೈರ್ಯ ಹೆಚ್ಚು. ಹುಡುಗಿ ರಜೆಗೆ ಬಂದಾಗಲೆಲ್ಲ ಎರಡನೆಯ ದೋಸೆಯ ಹೊತ್ತಿಗೆ ವಿಷಯ ಎತ್ತುತ್ತಾಳೆ. “ಬೆಂಗಳೂರಿನಲ್ಲಿ ಒಬ್ಬ ಹುಡುಗ ಇದ್ದಾನೆ ಕಣೇ, ಎಲ್ಲಿಗೆ ವರ್ಗವಾದರೂ ಜೊತೆಗೆ ಬರ್ತಾನಂತೆ.” ಇವಳು ಚಟ್ನಿ ಹಾಕಿಸಿಕೊಳ್ಳುತ್ತ, “ನಿಯೋಗದ ಹೇಳಿಕೆಯನ್ನು ಗಮನಿಸಲಾಗಿದೆ” ಎನ್ನುತ್ತಾಳೆ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ತಂಗಿ ಸೌಟು ಹಿಡಿದು ನಿಂತರೆ ‘ಚೌಕಾವರಣದಲ್ಲಿ ಇಡೋಣ’ ಎಂಬವರೆಗೆ ಬರುತ್ತಾಳೆ. ಜಾತಕ ಕಳಿಸಿ ಇಷ್ಟು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಹಿಡಿಯೋಣ ಎಂದು ನಾನು ಸಲಹೆ ಕೊಟ್ಟೆ. ಹುಡುಗಿ ನನ್ನನ್ನು ಶತ್ರುರಾಷ್ಟ್ರದಂತೆ ನೋಡಿದಳು.

ಈ ವರ್ಷ ಅವಳಿಗೆ ಐದನೆಯ ಸಮಿತಿ ವಹಿಸಿದ್ದಾರಂತೆ. ದುಡ್ಡಿನ ಸಮಿತಿ, ಕ್ರಿಸ್‌ಮಸ್ ಹಿಂದಿನ ರಾತ್ರಿಗಳಲ್ಲೂ ಕೂರುವುದಕ್ಕೆ ಹೆಸರಾದದ್ದು. ವಿಶ್ವಸಂಸ್ಥೆಯ ಬಜೆಟ್ಟು, ನೌಕರರ ಪಿಂಚಣಿ ಎಲ್ಲ ಅಲ್ಲಿಯೇ ಚರ್ಚೆಯಾಗುವುದು ಎಂದು ಅವಳು ವಿವರಿಸುತ್ತಿದ್ದಾಗ ಅಲ್ಲಿಯವರೆಗೆ ತೂಕಡಿಸುತ್ತಿದ್ದ ಅಮ್ಮ ಕಣ್ಣು ಬಿಟ್ಟರು.

“ಪಿಂಚಣಿ ಅಂದೆಯಾ? ಹಾಗಾದ್ರೆ ನಿಮ್ಮ ತಾತನ ಪಿಂಚಣಿಯ ಹಿಂಬಾಕಿ ಇದೆಯಲ್ಲ, ಅದಕ್ಕೂ ಅಲ್ಲಿ ಒಂದು ಮಾತು ಹಾಕೇ. ಇಲ್ಲಿ ಕೇಳಿದರೆ ಫೈಲು ಮೇಲಕ್ಕೆ ಹೋಗಿದೆ ಅಂತಾರೆ. ಎಷ್ಟು ಮೇಲಕ್ಕೆ ಅಂತ ಹೇಳೋರಿಲ್ಲ.”

“ಅಜ್ಜಿ, ಅದು ದೇಶದ ಆಂತರಿಕ ವಿಷಯ. ಸನ್ನದಿನ ಎರಡನೆಯ ವಿಧಿ, ಏಳನೆಯ ಖಂಡ. ವಿಶ್ವಸಂಸ್ಥೆ ಅದರಲ್ಲಿ ತಲೆ ಹಾಕುವ ಹಾಗಿಲ್ಲ.”

ಅಮ್ಮ ಸ್ವಲ್ಪ ಯೋಚಿಸಿ, “ಸರಿ, ಹಾಗಾದ್ರೆ ನಿಮ್ಮ ಮಾಮನೇ ಹೋಗಿ ಬರಲಿ” ಎಂದರು. ಯಾರೂ ತಕರಾರು ಎತ್ತಲಿಲ್ಲ. ಸೋಮವಾರ ಹತ್ತೂವರೆಗೆ ಅಮ್ಮನ ಪರವಾಗಿ ನಾನು ಆ ಕಚೇರಿಗೆ ಹೋಗುವುದೆಂದು ತೀರ್ಮಾನವಾಯಿತು. ಹನ್ನೊಂದಕ್ಕೆ ಮೊದಲು ಗುಮಾಸ್ತರು ಬರುವುದಿಲ್ಲವಂತೆ, ಜೀವಿತ ಪ್ರಮಾಣಪತ್ರದ ಜೆರಾಕ್ಸ್ ಎರಡು ಪ್ರತಿ ಬೇಕಂತೆ.