ವೈಮಾನಿಕ ದೂರ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯ ವೈಮಾನಿಕ ದೂರ ಮಹಾಶಯರೇ,

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ ಎಂದು ಯಾರೇ ಕೇಳಲಿ, ತಾವು ಥಟ್ಟನೆ ‘ಸುಮಾರು 300 ಕಿಲೋಮೀಟರ್’ ಎಂದುಬಿಡುತ್ತೀರಿ. ತಮ್ಮ ದಾಯಾದಿ ರಸ್ತೆ ದೂರದವರು ಮಾತ್ರ 350ರಿಂದ ಕೆಳಗಿಳಿಯುವುದಿಲ್ಲ. ಐವತ್ತು ಕಿಲೋಮೀಟರ್ ಉಳಿಸಿಕೊಟ್ಟ ತಮ್ಮ ಔದಾರ್ಯಕ್ಕೆ ಕರಾವಳಿಯವರು ಚಿರಋಣಿಗಳು. ಆ ಐವತ್ತನ್ನು ಯಾವ ಕೌಂಟರಿನಲ್ಲಿ ಪಡೆಯಬೇಕೆಂದು ತಿಳಿಸಿದರೆ ಉಪಕಾರವಾದೀತು.

ತಮ್ಮ ಲೆಕ್ಕದಲ್ಲಿ ತಪ್ಪಿಲ್ಲ ಮಾರಾಯ್ರೇ. ಎರಡೂ ಊರು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ; ಅಡಿಪಟ್ಟಿ ಇಟ್ಟು ಪಶ್ಚಿಮಕ್ಕೊಂದು ಗೆರೆ ಎಳೆದರೆ ಕೆಲಸ ಮುಗಿಯಿತು. ಆದರೆ ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಮಂಗಳೂರು ಸಮುದ್ರದ ಮಗ್ಗುಲಲ್ಲೇ. ಹಾಸನ ದಾಟಿ ಸಕಲೇಶಪುರದವರೆಗೆ ಗತ್ತಿನಿಂದ ಬಂದ ಹೆದ್ದಾರಿ ಆ ಎತ್ತರದ ಬಹುಪಾಲನ್ನು ಗುಂಡ್ಯ ಮುಟ್ಟುವಷ್ಟರಲ್ಲಿ ಇಳಿಸಬೇಕು. ಅದಕ್ಕೆ ಶಿರಾಡಿ ಘಾಟಿ ಎನ್ನುತ್ತಾರೆ. ತಮ್ಮ ಗೆರೆಗೆ ತಿರುವಿಲ್ಲ, ತಿರುವಿನಲ್ಲಿ ಕೆಟ್ಟು ನಿಂತ ಟ್ಯಾಂಕರ್ ಇಲ್ಲ, ಮಳೆಗಾಲವಂತೂ ಇಲ್ಲವೇ ಇಲ್ಲ.

2018ರ ಆಗಸ್ಟ್ ನೆನಪಿದೆಯೇ? ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ಸಂಪಾಜೆ ಘಾಟಿಯ ಕಡೆಯಿಂದ ಬರೋಣವೆಂದರೆ ಅಲ್ಲೂ ಜರಿಯಿತು. ರೈಲಾದರೂ ಇದೆಯಲ್ಲ ಎಂದರೆ, 57 ಸುರಂಗಗಳ ಸಕಲೇಶಪುರ–ಸುಬ್ರಹ್ಮಣ್ಯ ಹಳಿಯ ಮೇಲೂ ಮಣ್ಣು. 2024ರ ಜುಲೈಯಲ್ಲಿ ಮತ್ತೆ ಅದೇ ಕಥೆ. ಅಂಥ ದಿನಗಳಲ್ಲೂ ತಾವು 300ರ ಮೇಲೆ ಒಂದು ಮೀಟರ್ ಏರಿಸಲಿಲ್ಲ. ಸ್ಥಿತಪ್ರಜ್ಞ ಎಂದರೆ ತಾವೇ.

‘ವಿಮಾನದಲ್ಲಿ ಹೋಗಿ, ಒಂದೇ ಗಂಟೆ’ ಎನ್ನುವಿರಿ. ಒಪ್ಪಿದೆ. ಆದರೆ 2008ರಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ, ಜಯನಗರದವರು ಮಂಗಳೂರಿಗೆ ಹೋಗಲು ಮೊದಲು ಈಶಾನ್ಯ ದಿಕ್ಕಿಗೆ, ಅಂದರೆ ಮಂಗಳೂರಿಗೆ ಬೆನ್ನು ಹಾಕಿ ಹೊರಡಬೇಕು. ಹೆಬ್ಬಾಳ ದಾಟುವುದರಲ್ಲಿ ಅರ್ಧ ಜನ್ಮ. ನಿಲ್ದಾಣದಲ್ಲಿ ಬೆಲ್ಟು ಬಿಚ್ಚಿ, ಲ್ಯಾಪ್‌ಟಾಪ್ ತಟ್ಟೆಗೆ ಹಾಕಿ ಕಾದದ್ದಾಯಿತು. ಇಳಿಯುವುದು ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇ ಮೇಲೆ. ಮಳೆ ಮಂಜು ಕವಿದರೆ ವಿಮಾನ ಆಕಾಶದಲ್ಲೇ ಪ್ರದಕ್ಷಿಣೆ ಹಾಕಿ, ಹೊರಟ ಊರಿಗೇ ಮರಳುವುದೂ ಉಂಟು. ಆಗ ಹಾರಿದ್ದು ಎಷ್ಟು ಕಿಲೋಮೀಟರ್, ಸಾಗಿದ್ದು ಎಷ್ಟು? ದಯವಿಟ್ಟು ಲೆಕ್ಕ ಹಾಕಿ ಕಳಿಸಿ.

ಈ ಮಾರ್ಗದ ಜನ ‘ಎಷ್ಟು ದೂರ’ ಎಂದು ಕೇಳುವುದನ್ನು ಬಿಟ್ಟು ಬಹುಕಾಲವಾಯಿತು. ‘ಘಾಟಿ ಓಪನ್ ಉಂಟಾ?’ ಎಂದೇ ಕೇಳುತ್ತಾರೆ. ಘಾಟಿಯನ್ನು ತಪ್ಪಿಸುವ ಸುರಂಗ ರಸ್ತೆಯ ಮಾತು ಪ್ರತಿ ಮಳೆಗಾಲದಲ್ಲಿ ಚಿಗುರುತ್ತದೆ, ಬಿಸಿಲಿಗೆ ಒಣಗುತ್ತದೆ. ಅದಕ್ಕೆ ತಾವು ಹೊಣೆಯಲ್ಲ, ಪಾಪ.

ಆದ್ದರಿಂದ ಒಂದೇ ವಿನಂತಿ. ಇನ್ನು ಮುಂದೆ ತಮ್ಮ 300ರ ಪಕ್ಕದಲ್ಲಿ ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅನ್ವಯಿಸುವುದಿಲ್ಲ’ ಎಂದು ಸಣ್ಣ ಅಕ್ಷರದಲ್ಲಾದರೂ ಬರೆಸಿ.

ಇತಿ,
ರಾತ್ರಿ ಬಸ್ಸಿನ ಕಾಯಂ ಪ್ರಯಾಣಿಕ